ಪ್ರಯೋಗಕ್ಕೆ ಮಾತ್ರ

ಕಂಬಳದ ಗದ್ದೆಯಲ್ಲಿ ಒಂದೇ ನೊಗಕ್ಕೆ ಕಟ್ಟಿ ಓಡಿಸುವ ಎರಡು ಕೋಣಗಳಿದ್ದವು. ಹಿರಿಯವನು ಕಾಳ, ಕಿರಿಯವನು ಬೊಳ್ಳ. ಹಿಂದಿನ ಕಂಬಳದಲ್ಲಿ ಕೂದಲೆಳೆ ಅಂತರದಲ್ಲಿ ಸೋತ ಮೇಲೆ ಬೊಳ್ಳನಿಗೆ ಮೇವೂ ರುಚಿಸುತ್ತಿರಲಿಲ್ಲ. ಅದನ್ನು ಕಂಡ ಬೆಳ್ಳಕ್ಕಿಯೊಂದು ಅವನ ಬೆನ್ನೇರಿ ಕುಳಿತು ಒಂದು ಸೀಸೆ ತೋರಿಸಿತು. "ನಾಲ್ಕು ಹನಿ ಸಾಕು. ಗಾಳಿಯನ್ನೂ ಹಿಂದೆ ಹಾಕುತ್ತೀ."

"ಇದಕ್ಕೆ ಯಾರ ಒಪ್ಪಿಗೆ ಉಂಟು ಮಾರಾಯ?" ಎಂದು ಕಾಳ ಕೇಳಿದ.

"ಸೀಸೆಯ ಮೇಲೆ ಬರೆದದ್ದು ಕಾಣುವುದಿಲ್ಲವಾ? 'ಪ್ರಯೋಗಕ್ಕೆ ಮಾತ್ರ.'" ಎಂದಿತು ಬೆಳ್ಳಕ್ಕಿ.

"ನೋಡು, ಪ್ರಯೋಗಿಸಲಿಕ್ಕೆ ಅಂತಲೇ ಬರೆದಿದ್ದಾರೆ! ಇನ್ನೆಂತ ಒಪ್ಪಿಗೆ ಬೇಕು ನಿನಗೆ?" ಎಂದು ಬೊಳ್ಳ ಲೆಕ್ಕಕ್ಕೆ ಸರಿಯಾಗಿ ನಾಲ್ಕೇ ಹನಿ ನೆಕ್ಕಿದ.

ಮರುದಿನದ ಕಂಬಳದಲ್ಲಿ ಮೊದಲ ಓಟ ಗೆದ್ದರು. ಎರಡನೆಯ ಓಟದ ನಡುವೆ ಬೊಳ್ಳನ ಎದೆ ಡೋಲಿನಂತೆ ಬಡಿದುಕೊಂಡಿತು. ಕಾಲು ಮಡಚಿ ಕೆಸರಿಗೆ ಬಿದ್ದವನು ಮತ್ತೆ ಉಸಿರಾಡಲಿಲ್ಲ. ನೊಗ ಒಂದೇ ಆದ್ದರಿಂದ, ಒಂದು ಹನಿಯನ್ನೂ ಮುಟ್ಟದ ಕಾಳನೂ ಅವನೊಂದಿಗೆ ಬಿದ್ದ.

ಬೆಳ್ಳಕ್ಕಿ ಹಾರಿ ಬಂದು ಕತ್ತು ಕೊಂಕಿಸಿ ನೋಡಿತು. "ನಾಲ್ಕು ಹನಿ ಜಾಸ್ತಿಯಾಯಿತು. ಗೊತ್ತಾದದ್ದು ಒಳ್ಳೆಯದೇ ಆಯಿತು."

ಕಾಳನ ಮೈಯೆಲ್ಲ ಉರಿಯಿತು. "ಮೊದಲೇ ಗೊತ್ತಿರಲಿಲ್ಲವಾ ನಿನಗೆ?"

"ಗೊತ್ತಿದ್ದರೆ ಪ್ರಯೋಗ ಯಾಕೆ? ಬರೆದದ್ದನ್ನು ನೀವೇ ಓದಿದ್ದಿರಲ್ಲ."

"ಓದಿದ್ದೆವು, ದರಿದ್ರದ ಹಕ್ಕಿಯೇ! ಪ್ರಯೋಗಕ್ಕೆ ಇರುವುದು ಔಷಧ ಅಂದುಕೊಂಡಿದ್ದೆವು. ನಾವು ಅಂತ ಗೊತ್ತಿರಲಿಲ್ಲ!" ಎಂದು ಗುಡುಗಿದ ಕಾಳ ಕೆಸರು ಮೆತ್ತಿದ ಬಾಲವನ್ನು ಬೀಸಿ ಹೊಡೆದ.

ಬೆಳ್ಳಕ್ಕಿ ರೆಕ್ಕೆಗೆ ಒಂದು ಚುಕ್ಕೆ ಕೆಸರೂ ತಾಗದಂತೆ ಹಾರಿ, ಮುಂದಿನ ಜೋಡಿಯ ಬೆನ್ನೇರಿ ಕುಳಿತಿತು. ಬಿದ್ದಲ್ಲಿಂದಲೇ ಕಾಳನಿಗೆ ಅದರ ಮಾತು ಕೇಳಿಸಿತು: "ಮೂರು ಹನಿ ಸಾಕು."