ಎರಡನೆಯ ದನಿ

“ಅಮ್ಮಾ, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ನಮ್ಮ ಚರ್ಚಿನ ಸಭೆಯ ಕುಟುಂಬಗಳಿಗೆ ಬೇಕಾದದ್ದೆಲ್ಲ ಕೊಟ್ಟಿದ್ದೇವೆ. ಆದರೂ ಆ ತಾಯಂದಿರ ಮುಖದಲ್ಲಿ ಗೆಲುವಿಲ್ಲ. ಇನ್ನೇನು ಕೊಡಬೇಕು?”

ಹೀಗೆ ಕೇಳಿದವಳು ಸ್ತ್ರೀಯರ ಸಂಘದ ಕಾರ್ಯದರ್ಶಿ ಜೀವಲತಾ. ಕೇಳಿದ್ದು ತನಗೆ ಸತ್ಯವೇದ ಕಲಿಸಿದ ಲುವಿಸಾ ಅಮ್ಮನವರನ್ನು. ಅಮ್ಮನವರು ಮೊದಲು ಆಕೆಗೆ ನೆಟ್ಟಗೆ ಕುಳಿತುಕೊಳ್ಳಲು ಹೇಳಿದರು. ಬಳಿಕ ಈ ಕತೆ ಹೇಳಿದರು.

ಒಬ್ಬ ತಾಯಿ ಇದ್ದಳು. ಮದುವೆಗೆ ಮುಂಚೆ ಆಕೆ ದೇವಾಲಯದ ಗಾಯನ ಮಂಡಳಿಯಲ್ಲಿ ಎರಡನೆಯ ದನಿಯಲ್ಲಿ ಹಾಡುತ್ತಿದ್ದಳು. ಮಂಡಳಿಯ ನಾಲ್ಕು ದನಿಗಳಲ್ಲಿ ಮೊದಲನೆಯದು ರಾಗವನ್ನು ಹಿಡಿದು ಹೋಗುತ್ತದೆ. ಎರಡನೆಯದು ಅದರ ಕೆಳಗೆ, ಬೇರೆ ಸ್ವರಗಳಲ್ಲಿ, ಅದಕ್ಕೆ ಹೊಂದಿಕೊಂಡು ನಡೆಯುತ್ತದೆ. ಅದನ್ನೊಂದನ್ನೇ ಹಾಡಿದರೆ ಹಾಡೆಂದು ಯಾರಿಗೂ ಅನ್ನಿಸದು.

ಗಂಡನಿಗೆ ಅಣೆಕಟ್ಟಿನಲ್ಲಿ ಕೆಲಸ. ಮನೆ ಊರಿನಿಂದ ದೂರ. ಮಕ್ಕಳು ಪ್ರಾರ್ಥನೆಯನ್ನೂ ವಿದ್ಯೆಯನ್ನೂ ಒಂದೇ ಮೇಜಿನಲ್ಲಿ ಕಲಿಯಲಿ ಎಂದು ಗಂಡಹೆಂಡತಿ ನಿಶ್ಚಯಿಸಿದರು. ಬೆಳಿಗ್ಗೆ ಪ್ರಾರ್ಥನೆ, ಒಂದು ಗೀತೆ, ಆಮೇಲೆ ಲೆಕ್ಕ ಮತ್ತು ವ್ಯಾಕರಣ. ಮಕ್ಕಳಿಗೆ ರಾಗ ಬರಬೇಕಲ್ಲವೆ? ಆದ್ದರಿಂದ ತಾಯಿ ವರ್ಷಗಟ್ಟಲೆ ಮೊದಲನೆಯ ದನಿಯನ್ನೇ ಹಾಡಿದಳು. ಮಕ್ಕಳ ಉಚ್ಚಾರ ಶುದ್ಧವಾಗಿತ್ತು. ಲೆಕ್ಕ ತಪ್ಪುತ್ತಿರಲಿಲ್ಲ.

ಏನು ಬೇಕೆಂದು ಸಭೆಯ ಹೆಂಗಸರು ವಿಚಾರಿಸಿದಾಗ, ಆಗಾಗ ಯಾರಾದರೂ ಬಂದು ಪಾಠದ ಹೊತ್ತಿನಲ್ಲಿ ತನ್ನ ಜೊತೆ ಕುಳಿತರೆ ಸಾಕು ಎಂದಳು. ಅವರು ಒಂದು ಗ್ಲೋಬು ಕಳುಹಿಸಿದರು. ಮತ್ತೆ ವಿಚಾರಿಸಿದಾಗ ಆಕೆ ಅದೇ ಮಾತು ಹೇಳಿದಳು. ಈ ಸಲ ಹಾರ್ಮೋನಿಯಂ ಬಂತು, ಒಳ್ಳೆಯದೇ. ಆಕೆ ವಂದನೆ ತಿಳಿಸಿ, ಎಲ್ಲವನ್ನೂ ಧೂಳು ಕೂರದಂತೆ ಇಟ್ಟುಕೊಂಡಳು. ಪಾಠ ಹೇಳುವಾಗ ಬಾಗಿಲಿಗೆ ಎದುರಾಗಿ ಕುಳಿತುಕೊಳ್ಳುವ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ.

ಒಂದು ವರ್ಷ ಕೃತಜ್ಞತಾ ಆರಾಧನೆಗೆ ಮನೆಯವರೆಲ್ಲ ದೇವಾಲಯಕ್ಕೆ ಬಂದರು. ಕಿರಿಯ ಮಗಳಿಗೆ ತಿಳಿವಳಿಕೆ ಬಂದ ಮೇಲೆ ಅದೇ ಮೊದಲು. ಗೀತೆ ಆರಂಭವಾಯಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಎರಡನೆಯ ದನಿಯಲ್ಲಿ ಹಾಡಿದಳು. ಹುಡುಗಿ ಹಾಡು ನಿಲ್ಲಿಸಿ ತಾಯಿಯ ಸೆರಗು ಎಳೆದಳು.

“ಅಮ್ಮ, ಈ ಆಂಟಿ ತಪ್ಪು ತಪ್ಪು ಹಾಡ್ತಿದ್ದಾರೆ. ಪಾಪ, ನೀನು ಹೇಳಿಕೊಡು.”

“ತಪ್ಪಲ್ಲ ಮಗಳೇ. ಅದು ನಾನು ಹಾಡ್ತಿದ್ದ ದನಿ.”

“ಮತ್ತೆ ಮನೆಯಲ್ಲಿ ಯಾಕೆ ಹಾಡೋದಿಲ್ಲ?”

ತಾಯಿ ಮುಂದಿನ ಚರಣಕ್ಕೆ ಆ ದನಿಯನ್ನು ಹಿಡಿಯೋಣವೆಂದು ಬಾಯಿ ತೆರೆದಳು. ಬಂದದ್ದು ಮೊದಲನೆಯ ದನಿಯೇ. ಇನ್ನೊಮ್ಮೆ ಪ್ರಯತ್ನಿಸಿದಳು. ಆಗಲೂ ಅದೇ. ಆಕೆ ತುಟಿ ಮುಚ್ಚಿ, ಗೀತೆ ಮುಗಿಯುವವರೆಗೆ ಪಕ್ಕದವಳ ಕಡೆಗೆ ಕಿವಿಗೊಟ್ಟು ನಿಂತಳು.

ಅಮ್ಮನವರು ಕತೆ ನಿಲ್ಲಿಸಿದರು. ಜೀವಲತಾಳಿಗೆ ಸಮಾಧಾನವಾಯಿತು. ನಾಲ್ಕೂ ದನಿಗಳ ಸ್ವರಲಿಪಿ ಇರುವ ಗೀತೆಗಳ ಪುಸ್ತಕ ಸಂಘದ ಬೀರುವಿನಲ್ಲಿದೆ, ಮನೆಗೊಂದರಂತೆ ನಾಳೆಯೇ ಕಳುಹಿಸಿಬಿಡುತ್ತೇನೆ ಎಂದಳು.

ಅಮ್ಮನವರು ಹೇಳಿದರು: “ಪುಸ್ತಕ ಬೀರುವಿನಲ್ಲೇ ಇರಲಿ, ಜೀವಲತಾ, ನೀನು ಆ ಮನೆಗಳಿಗೆ ಹೊರಡು.”