ಬಾಗಿದ ಕಡ್ಡಿಯ ಆಂಟೆನಾ

ದರ್ಜಿ ಹೊನ್ನೂರಮ್ಮನ ಮಾಳಿಗೆಯ ಮೇಲೆ ಒಂದು ಮುದಿ ಆಂಟೆನಾ ಇತ್ತು. ಒಮ್ಮೆ ಕೋತಿಗಳು ಜೋತಾಡಿ ಅದರ ಎರಡು ಕಡ್ಡಿಗಳನ್ನು ಬಾಗಿಸಿದವು. ಬೀದಿಯವರು ಕಂಡರೆ ನಕ್ಕಾರು ಎಂದು ಅದು ಗಾಳಿ ಬಂದಾಗ ಮೆಲ್ಲಗೆ ಪಕ್ಕದ ಮನೆಯ ಗೋಡೆಯತ್ತ ತಿರುಗಿ ನಿಂತಿತು. ಗುಡ್ಡದ ಟಿವಿ ಟವರ್ ಬೆನ್ನ ಹಿಂದಾಯಿತು. ಆದರೂ ಹಳೆಯ ಟಿವಿ ಚುಕ್ಕಿಚುಕ್ಕಿಯಾಗಿ ಚಿತ್ರ ತೋರಿಸುತ್ತಿದ್ದುದರಿಂದ ಗುಟ್ಟು ರಟ್ಟಾಗಲಿಲ್ಲ.

ಟವರ್ ಡಿಜಿಟಲ್ ಆದಾಗ ಮನೆಗೆ ಟಿವಿಗೆ ಜೋಡಿಸುವ ಹೊಸ ಡಿಜಿಟಲ್ ಪೆಟ್ಟಿಗೆ ಬಂತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. “ನಾಳೆ ಆ ಆಂಟೆನಾ ಬಿಚ್ಚಿ ಗುಜರಿಗೆ ಹಾಕ್ತೀನಿ,” ಎಂದಳು ಹೊನ್ನೂರಮ್ಮ.

ಆಂಟೆನಾ ತಂತಿಯ ಮೂಲಕ ಪೆಟ್ಟಿಗೆಯನ್ನು ಗದರಿತು: “ಇಷ್ಟು ವರ್ಷ ನಾನು ತಂದದ್ದನ್ನು ಯಾರೂ ಒಲ್ಲೆ ಎನ್ನಲಿಲ್ಲ. ನಿನಗೇನು ಸೊಕ್ಕು?”

“ಸೊಕ್ಕಲ್ಲ ಅಜ್ಜಾ,” ಎಂದಿತು ಪೆಟ್ಟಿಗೆ. “ಹಳೆಯ ಟಿವಿ ಅರ್ಧ ಕೇಳಿ ಅರ್ಧ ತೋರಿಸುತ್ತಿತ್ತು. ನನಗದು ಬಾರದು. ಮಾತು ತುಂಡುತುಂಡಾಗಿ ಬಂದರೆ ನಾನು ಮೂಕ. ನಿಜ ಹೇಳು, ನಿನಗೆ ಸರಿಯಾಗಿ ಕೇಳಿಸುತ್ತಿದೆಯೇ?”

ಆಂಟೆನಾ ದನಿ ತಗ್ಗಿಸಿತು. “ಇಲ್ಲ ಮಗು,” ಎಂದಿತು. “ನನ್ನ ಕಡ್ಡಿ ಬಾಗಿವೆ. ನಾಚಿಕೆಯಾಗಿ ಮರೆಮಾಡಿಕೊಂಡಿದ್ದೆ.”

“ಬಾಗಿದ್ದು ನಿನ್ನ ತಪ್ಪೇ? ತೋರಿಸಿದರೆ ತಾನೇ ಯಾರಾದರೂ ನೆಟ್ಟಗೆ ಮಾಡುವುದು?”

ಮರುದಿನ ಬೆಳಗಿನ ಗಾಳಿಗೆ ಆಂಟೆನಾ ಮೈಯೊಡ್ಡಿ ಬೀದಿಯತ್ತ ತಿರುಗಿತು. ಬಿಚ್ಚಲೆಂದು ಏಣಿ ಹತ್ತಿದ ಹೊನ್ನೂರಮ್ಮ, “ಅಯ್ಯೋ ಪಾಪ, ಎಷ್ಟು ದಿನದಿಂದ ಹಿಂಗೇ ನಿಂತಿದ್ದೀಯೋ!” ಎನ್ನುತ್ತಾ ಕಡ್ಡಿಗಳನ್ನು ತಿದ್ದಿ, ಗುಡ್ಡದ ಕಡೆಗೆ ಮುಖಮಾಡಿಸಿ ಬಿಗಿದಳು. ಕೆಳಗೆ ಪರದೆಯ ಮೇಲೆ ವಾರ್ತೆ ಓದುವವಳ ಮುಖ, ಮೂಗುತಿಯ ಹರಳೂ ಕಾಣುವಷ್ಟು ನಿಚ್ಚಳವಾಗಿ ಮೂಡಿತು.