ಷಡ್ಡಕನ ಟೈರು

ಕೋರ್ಟು ಗುಮಾಸ್ತ ವಾಮದೇವಪ್ಪ ದಿನಾ ಕೆಲಸಕ್ಕೆ ಹೋಗುವುದು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಒಂದು ದಿನ ಗಾಳಿ ತುಂಬಿಸಲು ನಿಲ್ಲಿಸಿದಾಗ ಅದನ್ನು ಕಂಡದ್ದೇ ತಡ, ಟೈರಂಗಡಿ ಸಾಹುಕಾರ ಹೆದರಿಸಿದ: “ಸ್ವಾಮಿ, ಈ ಟೈರುಗಳು ಇವತ್ತೋ ನಾಳೆಯೋ ಸಿಡಿಯುತ್ತವೆ. ಇಂಥ ಕಾರಿಗೆ ರೇಸಿನ ಟೈರೇ ಆಗಬೇಕು!”

ವಾಮದೇವಪ್ಪ ಸರಿ ಎಂದು ತಲೆಯಾಡಿಸಿದ. ಆದರೆ ಬಿಚ್ಚಿದ ಹಳೆಯ ಟೈರುಗಳನ್ನು ಸಾಹುಕಾರ ಜೋಪಾನವಾಗಿ ಒಳಗೆ ಸಾಗಿಸಿದ. ಸಿಡಿಯುವ ಟೈರಿಗೆ ಇಷ್ಟು ಮರ್ಯಾದೆಯೇ? ವಾಮದೇವಪ್ಪ ಚಹಾ ಕುಡಿದು ಬಂದು ಕೇಳಿದ:

“ನಮ್ಮ ಷಡ್ಡಕನದೂ ಇದೇ ಕಾರು ರೀ. ಅವನ ಕೈ ಸ್ವಲ್ಪ ಬಿಗಿ. ಅಗ್ಗದ್ದೇನಾದರೂ ಇದೆಯಾ?”

ಸಾಹುಕಾರ ಒಳಗಿಂದ ನಾಲ್ಕು ಟೈರು ಉರುಳಿಸಿಕೊಂಡು ಬಂದ. ಮಿರಮಿರ ಮಿಂಚುವ ಪಾಲಿಶು. “ಇನ್ನೆರಡು ವರ್ಷ ಕಣ್ಣು ಮುಚ್ಚಿಕೊಂಡು ಓಡಿಸಲಿ. ನನ್ನ ಗ್ಯಾರಂಟಿ!”

ಪಾಲಿಶಿನಡಿ ವಾಮದೇವಪ್ಪನ ಮನೆ ಗೇಟು ಗೀರಿದ ಗುರುತು ಇಣುಕುತ್ತಿತ್ತು.

“ಹಾಗಾದರೆ ಇವನ್ನೇ ನನ್ನ ಕಾರಿಗೆ ವಾಪಸು ಹಾಕಿ.”

ಸಾಹುಕಾರ ತೊದಲಿದ. “ಮತ್ತೆ... ನಿಮ್ಮ ಷಡ್ಡಕರಿಗೆ?”

“ನನ್ನ ಹೆಂಡತಿಗೆ ಅಕ್ಕತಂಗಿಯರೇ ಇಲ್ಲ.”